ಸೈರನ್ ಊದಿದ್ದು ಯಾರಿಗೆ

ಗಾಲ್ಫ್ ಮೈದಾನದಲ್ಲಿ ಒಂದೇ ಸಲ ಉದ್ದಕ್ಕೆ ಸೈರನ್ ಊದಿದರೆ ಆಟಗಾರ ಇದ್ದಲ್ಲೇ ಆಟ ಬಿಡಬೇಕು. ಚೆಂಡು ಕುಳಿಯ ಅಂಚಿನಲ್ಲೇ ಇದ್ದರೂ ಹೊಡೆಯುವಂತಿಲ್ಲ. ಗಿಡ್ಡ ಸದ್ದು ಮೂರು ಸಲ ಬಂದರೂ ಆಟ ನಿಲ್ಲಬೇಕು, ಆದರೆ ಅಷ್ಟು ಅವಸರವಿಲ್ಲ; ಎರಡು ಸಲ ಬಂದರೆ ಆಟ ಮತ್ತೆ ಶುರು. ಬೆಂಗಳೂರಿನ ಹೊರವಲಯದ ಕ್ಲಬ್ಬೊಂದರಲ್ಲಿ ಹುಲ್ಲು ನೋಡಿಕೊಳ್ಳುವ ಸೂಪರ್‌ವೈಸರ್ ಆಗಿದ್ದ ನನಗೆ ಇದೆಲ್ಲ ಬಾಯಿಪಾಠ. ಸೈರನ್ನಿನ ಗುಂಡಿ ಒತ್ತುವ ಕೆಲಸವೂ ನನ್ನದೇ ಆಗಿತ್ತು.

ನಾನು ಸೊನ್ನದವನು. ಅಫಜಲಪುರ ತಾಲ್ಲೂಕು, ಭೀಮೆಗೆ ಬ್ಯಾರೇಜ್ ಕಟ್ಟಿದ ಊರು. ಬಿಸಿಲು ನಮಗೆ ಹೊಸದಲ್ಲ. ಕಲಬುರಗಿ ಸೀಮೆಯಲ್ಲಿ ಏಪ್ರಿಲ್, ಮೇ ಬಂತೆಂದರೆ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ಬಾಗಿಲು ತೆಗೆದು ಮಧ್ಯಾಹ್ನ 1.30ಕ್ಕೆ ಹಾಕಿಕೊಳ್ಳುತ್ತವೆ. ಹೊಲದ ಆಳುಗಳು ಅವರಿಗಿಂತ ಜಾಣರು, ನಸುಕಿನಲ್ಲೇ ಹೊರಟು ಬಿಸಿಲೇರುವುದರೊಳಗೆ ನೆರಳು ಹಿಡಿಯುತ್ತಾರೆ. ಹೊಳೆಯೂ ಹೇಳದೆ ಬರುವುದಿಲ್ಲ. ಮಹಾರಾಷ್ಟ್ರದ ಉಜನಿ ಅಣೆಕಟ್ಟಿನಿಂದ ನೀರು ಬಿಟ್ಟರೆ ಮೊದಲು ಸುದ್ದಿ ಬರುತ್ತದೆ, ಆಮೇಲೆ ನೀರು. 2020ರ ಅಕ್ಟೋಬರಿನಲ್ಲಿ ಭೀಮೆ ಊರೊಳಗೆ ನುಗ್ಗಿದಾಗ ದಂಡೆಯ ಜನ ಕಾಳಜಿ ಕೇಂದ್ರ ಸೇರಿಕೊಂಡದ್ದು ಹಾಗೆ. ಸಿಡಿಲಿಗೆ ಮಾತ್ರ ನಮ್ಮಲ್ಲಿ ಒಂದೇ ಮಾತು: ‘ಹಣೀಬರಾದಾಗ ಇದ್ರ ಬಡೀತದ.’

ಬಿಸಿಲನ್ನು ಬಲ್ಲೆ ಎಂಬ ಹಮ್ಮು ಇಟ್ಟುಕೊಂಡೇ ಕ್ಲಬ್ಬಿಗೆ ಸೇರಿದ್ದೆ. ಕೆಲಸದವರಿಗೆ ಮಜ್ಜಿಗೆ, ಓಆರ್‌ಎಸ್ ನೀರು, ನಡುಮಧ್ಯಾಹ್ನದ ಬಿಡುವು ಎಲ್ಲ ಕೊಡಿಸಿದೆ. ಯಾರಾದರೂ ತೊದಲಲು ಶುರುಮಾಡಿದರೆ, ಹೇಳಿದ್ದು ತಲೆಗೆ ಹೋಗದಂತೆ ನೋಡಿದರೆ, ಅದು ಸುಸ್ತಲ್ಲ. ಕೂಡಲೇ ಮೈಮೇಲೆ ನೀರು ಸುರಿದು ಆಸ್ಪತ್ರೆಗೆ ಒಯ್ಯಬೇಕೆಂದು ಹೇಳಿಕೊಟ್ಟೆ. ಹೊಗಳಿಸಿಕೊಂಡೆ ಕೂಡ.

ಮೇ ತಿಂಗಳ ಒಂದು ದಿನ. ಮೂರರ ತನಕ ಕಣ್ಣು ಕುಕ್ಕುವ ಬಿಸಿಲು, ನಾಲ್ಕರ ಹೊತ್ತಿಗೆ ಮೋಡ ಕಪ್ಪಿಟ್ಟಿತು. ಸೈರನ್ ಊದಿದೆ. ಆಟಗಾರರೂ ಕ್ಯಾಡಿಗಳೂ ಕ್ಲಬ್‌ಹೌಸ್ ಸೇರಿದರು. ತಲೆ ಎಣಿಸಿ ರಿಜಿಸ್ಟರಿಗೆ ತಾಳೆ ನೋಡಿದೆ, ಸರಿಯಿತ್ತು. ಹಿಂದಿನ ತುದಿಯ ಬಂಕರ್ ಪಕ್ಕ ಕಸ ಕೀಳುತ್ತಿದ್ದ ಹೆಂಗಸರು ಆ ರಿಜಿಸ್ಟರಿನಲ್ಲೇ ಇರಲಿಲ್ಲ. ಅವರು ಗುತ್ತಿಗೆಯ ಆಳುಗಳು. ಬಹಳಷ್ಟು ಜನ ನಮ್ಮ ಕಡೆಯವರೇ, ಅಫಜಲಪುರ, ಜೇವರ್ಗಿಯಿಂದ ದುಡಿಯಲು ಬಂದವರು.

ಸೈರನ್ ಅವರಿಗೂ ಕೇಳಿಸಿತ್ತು. ಕೇಳಿಸಿದ್ದರಿಂದಲೇ ಅವರು ಕೆಲಸದ ಬಿರುಸು ಹೆಚ್ಚಿಸಿದ್ದರು. ಗಾಲ್ಫ್ ಮೈದಾನದಲ್ಲಿ ದುಡಿಯುವವರಿಗೆ ದಿನವಿಡೀ ಇರುವ ಅಂಜಿಕೆ ಚೆಂಡಿನದು. ಎಲ್ಲಿಂದ ಬಂದು ಬಡಿಯುವುದೋ ಗೊತ್ತಾಗುವುದಿಲ್ಲ. ‘ಸೈರನ್ ಆತಂದ್ರ ಆಟ ನಿಲ್ತದ, ಚೆಂಡಿನ ಅಂಜಿಕಿ ಇರಂಗಿಲ್ಲ, ಆವಾಗ ನಡುವಿನ ಕೆಲಸ ಮುಗಿಸ್ಕೊರಿ’ ಎಂದು ಹೇಳಿಟ್ಟವನು ನಾನೇ. ಒಬ್ಬರನ್ನು ಕಾಯುವ ಸದ್ದನ್ನು ಇನ್ನೊಬ್ಬರಿಗೆ ಕೆಲಸದ ಗಂಟೆ ಮಾಡಿಟ್ಟಿದ್ದೆ.

ಮಳೆ ಜೋರಾದಾಗ ಅವರು ದೊಡ್ಡ ಮಳೆಮರದ ಬುಡಕ್ಕೆ ಓಡಿದರು. ಸಿಡಿಲು ಮರಕ್ಕೆ ಬಡಿಯಿತು. ನಾವು ಕಾರ್ಟ್ ಹತ್ತಿ ಹೋಗುವಷ್ಟರಲ್ಲಿ ಬುಡಕ್ಕೆ ಒರಗಿ ನಿಂತಿದ್ದ ಅಕ್ಕ ನಾಲ್ಕು ಮಾರು ದೂರ ಬಿದ್ದಿದ್ದಳು. ಎಡಗಿವಿಯಿಂದ ಸಣ್ಣಗೆ ರಕ್ತ. ತಾಳಿ ಸರ ತಾಗಿದ ಕಡೆ ಕೊರಳ ಸುತ್ತ ಸುಟ್ಟ ಗೆರೆ. ‘ಮುಟ್ಟಬ್ಯಾಡ್ರಿ, ಮೈಯಾಗ ಕರೆಂಟ್ ಇರ್ತದ’ ಎಂದು ಯಾರೋ ಕೂಗಿದರು. ಅದು ಸುಳ್ಳು. ಸಿಡಿಲು ಬಡಿದ ಮೈಯಲ್ಲಿ ವಿದ್ಯುತ್ ಉಳಿಯುವುದಿಲ್ಲ. ಉಸಿರು ನಿಂತಿದ್ದರೆ ಆಗಲೇ ಎದೆ ಒತ್ತಬೇಕು, ತಡೆದಷ್ಟೂ ಜೀವ ಜಾರುತ್ತದೆ. ಗೊತ್ತಿದ್ದೂ ನನ್ನ ಕೈ ಮುಂದೆ ಹೋಗಲಿಲ್ಲ. ಅಡುಗೆಮನೆಯ ಹುಡುಗನೊಬ್ಬ ನನ್ನನ್ನು ಸರಿಸಿ ಆಕೆಯನ್ನು ಎತ್ತಿದ. ಪುಣ್ಯಕ್ಕೆ ಉಸಿರಿತ್ತು. ಬದುಕಿದಳು. ಎಡಗಿವಿ ಮಾತ್ರ ಹೋಯಿತು.

ಆಸ್ಪತ್ರೆಯಲ್ಲಿ ಆಕೆ ಮೊದಲು ಕೇಳಿದ್ದು, ‘ಯಣ್ಣಾ, ಅವತ್ತಿಂದು ಪೂರಾ ಪಗಾರ ಕೊಡ್ತಾರೋ ಇಲ್ಲೋ?’ ಮಳೆಗೆ ಒಳಗೆ ಬಂದು ಕೂತ ಹೊತ್ತನ್ನು ಹಾಜರಿಯಲ್ಲಿ ಕತ್ತರಿಸುತ್ತಿದ್ದವನೂ ನಾನೇ. ಮೋಡ ಕಂಡರೂ ಅವರು ಏಳದಿದ್ದುದಕ್ಕೆ ನನ್ನ ಹೇಳಿಕೆಯೊಂದೇ ಕಾರಣವಲ್ಲ, ನನ್ನ ಪೆನ್ನೂ ಕಾರಣ.

ಆಮೇಲೆ ಓದಿಕೊಂಡೆ. ಗಾಲ್ಫ್ ಲೋಕ ಈ ಪಾಠವನ್ನು ನೋವುಂಡೇ ಕಲಿತಿದೆ. 1975ರಲ್ಲಿ ಷಿಕಾಗೊ ಬಳಿಯ ವೆಸ್ಟರ್ನ್ ಓಪನ್ ಪಂದ್ಯದಲ್ಲಿ ಲೀ ಟ್ರೆವಿನೊ ಮಳೆ ನಿಲ್ಲಲೆಂದು ತನ್ನ ಚೀಲಕ್ಕೆ ಒರಗಿ ಕೂತಿದ್ದಾಗ ಸಿಡಿಲು ತಾಗಿ ಬೆನ್ನು ಕೆಟ್ಟಿತು. 1991ರ ಯುಎಸ್ ಓಪನ್‌ನಲ್ಲಿ ಮರದಡಿ ನಿಂತ ಪ್ರೇಕ್ಷಕರಿಗೆ ಸಿಡಿಲು ಬಡಿದು ಒಬ್ಬರು ಸತ್ತರು. ಮರಕ್ಕೆ ಬಿದ್ದ ಸಿಡಿಲು ಕಾಂಡದಲ್ಲೇ ಇಳಿದುಹೋಗಬೇಕೆಂದಿಲ್ಲ. ಪಕ್ಕದ ಮೈಗೆ ಜಿಗಿಯುತ್ತದೆ, ನೆಲದಲ್ಲಿ ಹರಡಿ ಕಾಲಿನಿಂದಲೂ ಏರುತ್ತದೆ. ನಾಲ್ಕೂ ಕಡೆ ತೆರೆದ ಗಾಲ್ಫ್ ಕಾರ್ಟೂ ಆಸರೆಯಲ್ಲ. ಅದನ್ನೇ ಹತ್ತಿ ನಾವು ಆ ಮಳೆಯಲ್ಲಿ ಹೋಗಿದ್ದೆವು! ನಮ್ಮ ದೇಶದಲ್ಲಾದರೋ ಸಿಡಿಲಿಗೆ ಸಿಗುವವರು ಹೆಚ್ಚಾಗಿ ಹೊಲದಲ್ಲಿ ದುಡಿಯುವವರು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಲೆಕ್ಕದಂತೆ 2022 ಒಂದೇ ವರ್ಷದಲ್ಲಿ 2,887 ಜನ ಸತ್ತರು.

ಈಗ ನಾನು ಊರಿನಲ್ಲಿದ್ದೇನೆ. ತೊಗರಿ, ಹತ್ತಿ, ಒಂದಿಷ್ಟು ಕಬ್ಬು. ರೋಹಿಣಿ ಮಳೆಯಿಂದ ಹಿಡಿದು ಗುಡುಗಿನ ಕಾಲ ಮುಗಿಯುವ ತನಕ ನಮ್ಮ ಹೊಲದಲ್ಲಿ ನಡೆಯುವುದು ಇಷ್ಟು. ಗುಡುಗು ಕಿವಿಗೆ ಬಿತ್ತೆಂದರೆ ಕೆಲಸ ಬಂದ್. ಮಿಂಚಿಗೂ ಗುಡುಗಿಗೂ ನಡುವೆ ಮೂರು ಎಣಿಸಿದರೆ ಸಿಡಿಲು ಸುಮಾರು ಒಂದು ಕಿಲೋಮೀಟರು ದೂರ. ಮೂವತ್ತು ಎಣಿಸುವುದರೊಳಗೆ ಗುಡುಗಿದರೆ ಹತ್ತು ಕಿಲೋಮೀಟರಿನ ಒಳಗೇ ಇದೆ, ಮುಂದಿನದು ನಮ್ಮ ತಲೆಗೇ ಇರಬಹುದು. ಪುಣೆಯ ಹವಾಮಾನ ಸಂಸ್ಥೆಯ ದಾಮಿನಿ ಆ್ಯಪ್ ನನ್ನ ಫೋನಿನಲ್ಲಿದೆ, ಒಳ್ಳೆಯದೇ. ಆದರೆ ಕಸ ತೆಗೆಯುವವರ ಕೈಯಲ್ಲಿರುವುದು ಗುಂಡಿ ಒತ್ತುವ ಫೋನು, ಅದೂ ಬುತ್ತಿ ಗಂಟಿನೊಳಗೆ. ಆದ್ದರಿಂದ ಆಳುಗಳಲ್ಲಿ ಹಿರಿಯಳಾದ ಆಯಿ ‘ನಡೀರಿ’ ಅಂದರೆ ಮುಗಿಯಿತು, ನನ್ನನ್ನು ಕೇಳಬೇಕಾಗಿಲ್ಲ. ಬೇವಿನ ಗಿಡದ ಬುಡ ಬೇಡ, ತಗಡಿನ ಚಪ್ಪರ ಬೇಡ, ಟಂಟಂ ಆಟೊ ಬೇಡ. ಗಾಜು ಏರಿಸಿದ ಕ್ರೂಸರ್ ಗಾಡಿ, ಇಲ್ಲದಿದ್ದರೆ ಊರೊಳಗಿನ ಪಕ್ಕಾ ಮನೆ. ಕೊನೆಯ ಗುಡುಗಾಗಿ ಅರ್ಧ ಗಂಟೆ ಕಳೆಯುವ ತನಕ ಯಾರೂ ಹೊರಬೀಳುವಂತಿಲ್ಲ. ಪಗಾರ ಪೂರ್ತಿ.

ಈ ಕೊನೆಯದನ್ನು ಕೇಳಿ ಪಕ್ಕದ ಹೊಲದವರು ನಕ್ಕರು. ‘ಮಳಿ ಬಂದ್ರ ನಿನ್ನ ಆಳಿಗಿ ಹಬ್ಬ’ ಎನ್ನುತ್ತಾರೆ. ಮೊದಲ ವರ್ಷ ಆಯಿ ಎರಡು ಸಲ ಸುಳ್ಳು ಗುಡುಗಿಗೆ ಎಬ್ಬಿಸಿದ್ದೂ ನಿಜ, ನಾನು ಹಲ್ಲು ಕಚ್ಚಿ ದುಡ್ಡು ಕೊಟ್ಟದ್ದೂ ನಿಜ. ಒಂದು ಸಲ ಪಗಾರ ಕಡಿದಿದ್ದರೂ ಮರುದಿನದಿಂದ ಆಕೆ ಬಾಯಿ ತೆರೆಯುತ್ತಿರಲಿಲ್ಲ.

ಕುರಿ ಕಾಯುವವರ ವಿಷಯದಲ್ಲಿ ಮಾತ್ರ ನನ್ನ ಯಾವ ಏರ್ಪಾಡೂ ನಡೆಯುತ್ತಿಲ್ಲ. ಎರೆಹೊಲದ ಬಯಲಿನಲ್ಲಿ ಅವರಿಗೆ ಪಗಾರ ಕೊಡುವ ಧಣಿಯಿಲ್ಲ, ಕಣ್ಣಳತೆಯಲ್ಲಿ ಒಂದು ಪಕ್ಕಾ ಗೋಡೆಯಿಲ್ಲ. ಗಿಡದ ಬುಡಕ್ಕೆ ಹೋಗಬೇಡ, ಎಲ್ಲರೂ ಒಂದೇ ಕಡೆ ಗುಂಪಾಗಬೇಡಿ ಎಂದು ಹೋದ ಮಳೆಗಾಲದಲ್ಲಿ ಒಬ್ಬನಿಗೆ ಹೇಳಿದೆ. ‘ನಾ ದೂರ ಸರೀತೀನ್ರಿ, ಕುರಿ ಗಿಡದ ಬುಡಕ್ಕ ಹೋಗಿ ನಿಂತ್ರ ಏನ್ ಮಾಡ್ಲಿ?’ ಎಂದ. ಎಪ್ಪತ್ತು ಕುರಿಗಳ ಸಾಲ ಅವನ ತಲೆಯ ಮೇಲಿತ್ತು.