ಕಾರ್ ಶೆಡ್ಡಿನಲ್ಲಿ ಚಾಕಿ, ಚಳಿಗೆ ಹೀಟರು

ನಮ್ಮ ತಳಿಗೆ ಬ್ರಿಟಿಷರ ಕಾಲದಿಂದಲೂ ‘ಲಿಟಲ್ ಇಂಗ್ಲೆಂಡ್’ ಎಂಬ ಹೆಸರಿದೆ. ಬಂದು ಹೋಗುವವರಿಗೆ ಇಲ್ಲಿಯ ಚಳಿ ಹಿತ. ರೇಷ್ಮೆ ಹುಳು ಸಾಕುವವರಿಗೆ ಮಾತ್ರ ಡಿಸೆಂಬರ್, ಜನವರಿ ಬಂತೆಂದರೆ ನಿದ್ದೆಯಿಲ್ಲ. ರಾತ್ರಿ ಉಷ್ಣಾಂಶ 15 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. ಚಾಕಿ ಹುಳುವಿಗೆ ಬೇಕಾದದ್ದು 27-28 ಡಿಗ್ರಿ. ದೊಡ್ಡ ಹುಳುವಿಗೂ 24-25 ಇರಬೇಕು. 20ಕ್ಕಿಂತ ಕೆಳಗಾದರೆ ಹುಳು ಸೊಪ್ಪು ತಿನ್ನುವುದು ಕಡಿಮೆಯಾಗುತ್ತದೆ, ಎಲ್ಲವೂ ಒಟ್ಟಿಗೆ ಜ್ವರಕ್ಕೆ ಕೂರುವುದಿಲ್ಲ, ರೋಗವೂ ಬೇಗ ಹಿಡಿಯುತ್ತದೆ.

ಬೇರೆ ಹುಳುಮನೆ ಕಟ್ಟಿಕೊಂಡವರು ನಮ್ಮಲ್ಲಿ ಇದ್ದಾರೆ. ಅಷ್ಟು ಅನುಕೂಲವಿಲ್ಲದವರು ಮನೆ ಮುಂದಿನ ಕಾರ್ ಶೆಡ್ಡಿನಲ್ಲೇ ಚಾಕಿ ಇಡುತ್ತಾರೆ. ಮುಂದೊಂದು ದಿನ ಕಾರು ಬರಲಿ ಎಂದು ಕಟ್ಟಿಸಿದ ಶೆಡ್ಡು ಅದು. ಮೇಲೆ ಶೀಟು, ಮುಂದೆ ರೋಲಿಂಗ್ ಶಟರ್. ಚಳಿಗಾಲದಲ್ಲಿ ಶಟರ್ ಎಳೆದು, ಸಂದುಗಳಿಗೆ ಗೋಣಿಚೀಲ ತುರುಕಿ, ಬಾಂಡಲಿಯಲ್ಲಿ ಇದ್ದಿಲ ಕೆಂಡ ಇಡುವುದು ಹಳೆಯ ರೂಢಿ. ಕೆಂಡ ಆರದಂತೆ ನೋಡಿಕೊಳ್ಳಲು ಒಬ್ಬರು ಅಲ್ಲೇ ಮಲಗುತ್ತಾರೆ. ಹೆಚ್ಚಾಗಿ ಅಜ್ಜಿ, ಜೊತೆಗೆ ಒಂದು ಮಗು. ನಾವು ಇದನ್ನು ಬರೆಯುತ್ತಿರುವುದೇ ಆ ಮಗುವಿನ ಸಲುವಾಗಿ.

ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದರೆ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದ ಹಿಮೋಗ್ಲೋಬಿನ್ ಜೊತೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಸೇರಿಕೊಳ್ಳುತ್ತದೆ. ಮೊದಲು ತಲೆನೋವು, ಆಮೇಲೆ ಮಂಪರು. ಮಲಗಿದ್ದವರಿಗೆ ಎಚ್ಚರವೇ ಆಗದೆ ಹೋಗಬಹುದು.

ಈ ಪಾಠ ಮಾಡುವಾಗ ಏಳನೇ ತರಗತಿಯ ಹುಡುಗನೊಬ್ಬ ಕೇಳಿದ: “ಸಾರ್, ಹುಳ ಏನೂ ಆಗ್ದೆ ಚೆನ್ನಾಗೇ ಇರ್ತವಲ್ಲ, ನಮಗೇನಾಯ್ತದೆ?” ಒಳ್ಳೆಯ ಪ್ರಶ್ನೆ. ನಮ್ಮ ರೈತರ ಧೈರ್ಯವೂ ಇದೇ. ಆದರೆ ರೇಷ್ಮೆ ಹುಳುವಿನ ರಕ್ತ ನಮ್ಮ ರಕ್ತದ ಹಾಗೆ ಆಮ್ಲಜನಕ ಹೊರುವುದಿಲ್ಲ. ಹುಳುವಿನ ಮೈ ಪಕ್ಕದಲ್ಲಿ ಕಾಣುವ ಸಣ್ಣ ಚುಕ್ಕೆಗಳೇ ಅದರ ಉಸಿರಿನ ರಂಧ್ರಗಳು. ಅಲ್ಲಿಂದ ಗಾಳಿ ಸಣ್ಣ ನಾಳಗಳ ಮೂಲಕ ನೇರವಾಗಿ ಮೈಯೊಳಗೆ ಹೋಗುತ್ತದೆ. ಹಾಗಾಗಿ ಮನುಷ್ಯನ ಪ್ರಾಣ ತೆಗೆಯುವಷ್ಟು ವಿಷಗಾಳಿಯನ್ನು ಹುಳು ತಾಳಿಕೊಳ್ಳುತ್ತದೆ. ತಟ್ಟೆಯಲ್ಲಿ ಹುಳು ಸೊಪ್ಪು ಮೇಯುತ್ತಿದೆ ಎಂದ ಮಾತ್ರಕ್ಕೆ ಆ ಕೋಣೆ ಮಗು ಮಲಗಲು ತಕ್ಕದ್ದು ಎಂದು ತಿಳಿಯಬಾರದು.

ಈಗ ಹಲವರು ಕರೆಂಟ್ ಹೀಟರ್ ತಂದಿದ್ದಾರೆ. ಸಂತೋಷ. ಅದರಿಂದ ಈ ವಿಷಗಾಳಿ ಬರುವುದಿಲ್ಲ. ಆದರೆ ಬಿಲ್ಲಿನ ಭಯದಿಂದ ನಾಲ್ಕು ದಿನ ಉರಿಸಿ ಮತ್ತೆ ಕೆಂಡಕ್ಕೇ ಮರಳುವವರಿದ್ದಾರೆ. ನಾವು ಮಕ್ಕಳಿಂದಲೇ ಲೆಕ್ಕ ಮಾಡಿಸಿದೆವು. 2000 ವ್ಯಾಟಿನ ಹೀಟರ್ ಎಂಟು ಗಂಟೆ ನಿಲ್ಲದೆ ಉರಿದರೆ 16 ಯೂನಿಟ್. ಚಾಕಿ ಎಂಟು ರಾತ್ರಿ ಎಂದರೆ 128 ಯೂನಿಟ್. ಬೇಕಾದಷ್ಟು ಬಿಸಿಯಾದ ಮೇಲೆ ತಾನಾಗಿ ಆರುವ ಥರ್ಮೋಸ್ಟಾಟ್ ಇದ್ದು, ಅರ್ಧ ಹೊತ್ತು ಮಾತ್ರ ಉರಿದರೆ 64. ಈ ಅರ್ಧ ಹೊತ್ತು ಸಿಗಬೇಕಾದರೆ ಶಾಖ ಹೊರಗೆ ಓಡಬಾರದು. ಶೀಟಿನ ಕೆಳಗೆ ಹುಲ್ಲಿನ ಚಾಪೆಯದೋ ಥರ್ಮಾಕೋಲಿನದೋ ಒಂದು ತಡಿಕೆ, ಶಟರಿನ ಒಳಗಡೆ ದಪ್ಪ ಪರದೆ, ಇಷ್ಟು ಮೊದಲು ಆಗಬೇಕು. ಹೀಟರ್ ಆಮೇಲೆ. ಹಗಲಲ್ಲಿ ಸ್ವಲ್ಪ ಹೊತ್ತು ಗಾಳಿಯಾಡಲು ಬಿಡುವುದನ್ನು ಮರೆಯಬಾರದು.

ಇನ್ನೊಂದು ವಿಷಯ ತೇವಾಂಶ. ಚಾಕಿಗೆ ನೂರಕ್ಕೆ 85-90 ತೇವಾಂಶ ಬೇಕು. ಆದರೆ 15 ಡಿಗ್ರಿಯಲ್ಲಿ ತೇವ ತುಂಬಿದ ಗಾಳಿಯನ್ನು 27 ಡಿಗ್ರಿಗೆ ಬಿಸಿ ಮಾಡಿದರೆ ಅದೇ ಗಾಳಿಯ ತೇವಾಂಶ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಸೊಪ್ಪು ಬಾಡಿ ಹುಳು ಉಪವಾಸ. ಅದಕ್ಕೇ ತಟ್ಟೆಗೆ ಪ್ಯಾರಾಫಿನ್ ಕಾಗದ, ಕೋಣೆಯಲ್ಲಿ ಒದ್ದೆ ಗೋಣಿ. ಒದ್ದೆ ಗೋಣಿ ಮತ್ತು ಕರೆಂಟ್ ಒಂದೇ ಕಡೆ ಇರುವಾಗ ಅರ್ಥಿಂಗ್ ಇರುವ ಮೂರು ಪಿನ್ನಿನ ಪ್ಲಗ್ಗೇ ಬೇಕು, ಇ.ಎಲ್.ಸಿ.ಬಿ. ಹಾಕಿಸಿದರೆ ಇನ್ನೂ ಕ್ಷೇಮ. 2000 ವ್ಯಾಟ್ ಎಂದರೆ ಹತ್ತಿರ ಹತ್ತಿರ 9 ಆಂಪಿಯರ್. ಟಿ.ವಿ.ಗೆ ಹಾಕುವ 6 ಆಂಪಿಯರ್ ಸಾಕೆಟ್ಟಿಗೋ, ಎಕ್ಸ್‌ಟೆನ್ಷನ್ ಬಾಕ್ಸಿಗೋ ಇದು ಹೊರೆ. 16 ಆಂಪಿಯರ್ ಸಾಕೆಟ್ ಹಾಕಿಸಿ. ಕಾಗದ, ಒಣಸೊಪ್ಪು, ಪರದೆ ಹೀಟರಿನಿಂದ ಮೂರಡಿಯಾದರೂ ದೂರ ಇರಲಿ. ಶೆಡ್ಡಿನ ಮೂಲೆಯಲ್ಲಿ ನಿಲ್ಲಿಸುವ ಬೈಕು, ಪೆಟ್ರೋಲ್ ಕ್ಯಾನು, ಔಷಧಿ ಡಬ್ಬಿ ಮೊದಲು ಹೊರಗೆ ಹೋಗಬೇಕು. ಕೆಂಪಗೆ ಕಾದ ಕಾಯಿಲ್‌ಗೆ ಪೆಟ್ರೋಲ್ ಆವಿ ತಗುಲಿದರೆ ಏನಾಗುತ್ತದೆ ಎಂದು ಹೇಳಬೇಕಾಗಿಲ್ಲ. ಔಷಧಿಯ ವಾಸನೆ ಹುಳುವಿಗೂ ಆಗದು.

ಇಷ್ಟಾದ ಮೇಲೂ ಮಕ್ಕಳನ್ನು ಅಲ್ಲಿ ಮಲಗಿಸಬೇಡಿ. ಗೋಡೆಗೆ ಒಂದು ಥರ್ಮಾಮೀಟರ್ ತೂಗುಹಾಕಿ, ದೊಡ್ಡವರು ರಾತ್ರಿ ಎರಡು ಸಲ ಎದ್ದು ನೋಡಿದರೆ ಸಾಕು. ಡಿಸೆಂಬರಿನಲ್ಲಿ ಅರ್ಧವಾರ್ಷಿಕ ಪರೀಕ್ಷೆಯೂ ಇರುತ್ತದೆ. ನಿದ್ದೆಗೆಟ್ಟು ಬಂದ ಮಗು ಪ್ರಶ್ನೆಪತ್ರಿಕೆಯ ಮೇಲೆ ತಲೆಯಿಟ್ಟರೆ ಯಾರನ್ನು ಬೈಯುವುದು?

ಶಿಕ್ಷಕ ಮಿತ್ರರಲ್ಲಿ ಒಂದು ಮನವಿ. ಹೀಟರಿನ ಡಬ್ಬಿಯ ಮೇಲಿನ ಎಚ್ಚರಿಕೆ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ಅದನ್ನು ಕನ್ನಡದಲ್ಲಿ ಅಜ್ಜಿಗೆ ತಿಳಿಸಿ ಹೇಳುವವರು ನಮ್ಮ ಶಾಲೆಯ ಮಕ್ಕಳೇ. ಚಳಿಗೆ ಮೊದಲೇ, ನವೆಂಬರಿನಲ್ಲಿ, ಒಂದು ಪಿರಿಯಡ್ ಇದಕ್ಕೆ ಕೊಡಿ.