ಅಟ್ಟದ ಮೇಲಿನ ವರ್ಷ

"ಈ ಊರಲ್ಲಿ ಏನಿದೆ ಅಂತ ನಿಲ್ಲಿಸ್ತಾರೋ!" ಬೆಳಿಗ್ಗೆ ಎದುರು ಸೀಟಿನ ಯುವಕ ಹೀಗೆ ಗೊಣಗಿದಾಗ ರೈಲು ತಿಪಟೂರಿನಲ್ಲಿ ನಿಂತಿತ್ತು. ಅಂದವನು ಮತ್ತೆ ಫೋನಿಗೆ ತಲೆ ಬಗ್ಗಿಸಿದ. ನನಗೆ ಅರಸೀಕೆರೆ ಬಂದರೂ ಸಿಟ್ಟು ಇಳಿಯಲಿಲ್ಲ.

ಏನಿದೆ ಎಂದರೆ, ಬೆಂಗಳೂರಿನಿಂದ ಹೊನ್ನಾವರಕ್ಕೆ ಹೋಗುವ ಬಿ.ಎಚ್. ರಸ್ತೆ ಇದೆ. ಮೈಸೂರು ಸಂಸ್ಥಾನದ ಕಾಲದ ರೈಲುದಾರಿ ಇದೆ. ಕಾಲೇಜು, ಎಪಿಎಂಸಿ, ಮಂಡಿಗಳು ಎಲ್ಲ ಇವೆ. ಅವು ಹಾಗಿರಲಿ. ಸುತ್ತಲಿನ ಹಳ್ಳಿಗಳಲ್ಲಿ ಉಂಡೆ ಕೊಬ್ಬರಿಯ ಅಟ್ಟಗಳಿವೆ!

ಉಂಡೆ ಕೊಬ್ಬರಿಯನ್ನು ಕಾಯಿ ಒಡೆದು ಬಿಸಿಲಿಗೆ ಹಾಕಿ ಮಾಡುತ್ತಾರೆಂದು ಪೇಟೆಯವರು ಎಷ್ಟೋ ಜನ ತಿಳಿದಿದ್ದಾರೆ. ಹಾಗೆ ಮಾಡಿದರೆ ಸಿಗುವುದು ಹೋಳು. ಉಂಡೆ ಬೇಕೆಂದರೆ ಚೆನ್ನಾಗಿ ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೇರಿಸಿ ಸುಮ್ಮನಿರಬೇಕು. ಒಂದು ತಿಂಗಳು, ಎರಡು ತಿಂಗಳಲ್ಲ. ಹತ್ತಿರ ಹತ್ತಿರ ಒಂದು ವರ್ಷ. ಒಳಗಿನ ನೀರು ತಾನಾಗಿ ಇಂಗಬೇಕು, ತಿರುಳು ಒಣಗಿ ಕುಗ್ಗಿ ಕರಟ ಬಿಡಬೇಕು. ಆಮೇಲೆ ಸಿಪ್ಪೆ ಸುಲಿದು, ಉಂಡೆಗೆ ಏಟು ತಾಗದಂತೆ ಕರಟ ಒಡೆಯಬೇಕು. ಮಚ್ಚು ಒಂದಿಷ್ಟು ಹೆಚ್ಚು ಬಿದ್ದರೆ ವರ್ಷದ ಕಾಯುವಿಕೆ ಎರಡು ಚೂರು. ಈ ಕೆಲಸಕ್ಕೆ ಕೂರುವವರಲ್ಲಿ ಹೆಂಗಸರೇ ಹೆಚ್ಚು. ಅವರ ಮಣಿಕಟ್ಟಿನ ಅಂದಾಜಿಗೆ ಯಾವ ಸಂಸ್ಥೆಯೂ ಪ್ರಮಾಣಪತ್ರ ಕೊಟ್ಟಿಲ್ಲ. ಕೊಡಬೇಕಿತ್ತು.

ನಮ್ಮಜ್ಜಿ ಅಟ್ಟದ ಕಾಯೊಂದನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದಳು. ನೀರು ಕುಲುಕಿದರೆ ಮತ್ತೆ ಅಲ್ಲೇ ಇಡುತ್ತಿದ್ದಳು. ಒಳಗೆ ಉಂಡೆ ಗಡಗಡ ಅಂದರೆ, "ಇದು ಆಗೈತೆ, ತಗಾ ಮಗಾ" ಎಂದು ಕೈಗೆ ಕೊಡುವಳು. ಅಕ್ಷರ ಬಾರದ ಅಜ್ಜಿಯ ಕಿವಿ ತಪ್ಪಿದ್ದನ್ನು ನಾನು ಕಾಣೆ. ಕಿವಿಯಿಂದ ಕಲಿಯುವ ಇಂಥ ವಿದ್ಯೆಗಳು ಎಷ್ಟಿದ್ದವು! ಮಡಕೆ ಕೊಳ್ಳುವಾಗ ಬೆರಳಿಂದ ತಟ್ಟಿ ನೋಡುವುದು, ಹಲಸಿನ ಹಣ್ಣನ್ನು ತಟ್ಟಿ ಪಕ್ವ ತಿಳಿಯುವುದು... ಇದನ್ನೆಲ್ಲ ಯಾರಾದರೂ ಕೂತು ಬರೆದಿಡಬೇಕು.

ಆದರೆ ವರ್ಷವಿಡೀ ಕಾಯುವ ಬೆಳೆಗೆ ಒಂದು ಸಂಕಟವಿದೆ. ಕಾಯಿ ಅಟ್ಟಕ್ಕೇರಿಸಿದ ದಿನದ ಬೆಲೆ ಇಳಿಸುವ ದಿನಕ್ಕೆ ಇರುವುದಿಲ್ಲ. 2023ರಲ್ಲಿ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಲ್‌ಗೆ 11,750 ರೂಪಾಯಿ ಬೆಂಬಲ ಬೆಲೆ ಸಾರಿತ್ತು. ತಿಪಟೂರು ಮಾರುಕಟ್ಟೆಯ ಹರಾಜು ಅದಕ್ಕಿಂತ ಬಹಳ ಕೆಳಗೆ ಕುಸಿದಿತ್ತು. ಬೆಂಬಲ ಬೆಲೆಗೆ ಕೊಳ್ಳುವ ನಫೆಡ್ ಸಂಸ್ಥೆಯ ಖರೀದಿ ಕೇಂದ್ರದ ಮುಂದೆ ಹೆಸರು ನೋಂದಾಯಿಸಲು ರೈತರು ಸಾಲು ನಿಂತರು. ಅದೇ ಕೊಬ್ಬರಿ ಲಾರಿ ಹತ್ತಿ ಉತ್ತರ ಭಾರತದ ಪೂಜೆಗೆ, ಮದುವೆಗೆ, ಸಿಹಿತಿಂಡಿಗೆ ಹೋಗುತ್ತದೆ. ಇಲ್ಲಿಯ ತೋಟದವನಿಗೆ ಅಲ್ಲಿಯ ಹಬ್ಬದ ಲೆಕ್ಕವೂ ತಿಳಿದಿರಬೇಕು.

ಆ ಯುವಕನಿಗೆ ಇದನ್ನೆಲ್ಲ ಹೇಳಲು ನಿಲ್ದಾಣದ ಹೊತ್ತು ಸಾಲದು. ಆದ್ದರಿಂದ ನಿಮಗೆ ಹೇಳುತ್ತಿದ್ದೇನೆ. ಸಂಕ್ರಾಂತಿಗೆ ಎಳ್ಳು-ಬೆಲ್ಲ ಬೆರೆಸಲು ಕೊಬ್ಬರಿ ತರುವಾಗ ಬೆಲೆ ಏರಿದೆ ಎಂದು ದಯವಿಟ್ಟು ಚೌಕಾಶಿಗೆ ಇಳಿಯಬೇಡಿ. ಬೆಳೆದವನು ಅದಕ್ಕಾಗಿ ಒಂದು ವರ್ಷ ಕಾದಿದ್ದಾನೆ.