ಯಾವ ಲಾಗ್ ಕಾಯಬಹುದು, ಯಾವುದು ಕಾಯಬಾರದು?

ಲಾಗ್ ಅಂದರೆ ಪ್ರೋಗ್ರಾಮ್ ಓಡುವಾಗ ಏನೇನಾಯ್ತು ಅಂತ ಅದೇ ಬರೆದಿಡುವ ದಿನಚರಿ. ಲ್ಯಾಬ್‌ನಲ್ಲಿ ನಮಗೆಲ್ಲ ಪ್ರಿಂಟ್‌ಲೈನ್ ಸಾಕು. ಆದರೆ ಈ ವರ್ಷ ನಾವು ನಾಲ್ಕು ಜನ ಸೇರಿ ಫೆಸ್ಟ್ ನೋಂದಣಿಗೆ ಜಾವಾದಲ್ಲಿ ಆಪ್ ಮಾಡೋಕೆ ಕೂತಾಗ, ಲಾಗ್ ಹೇಗೆ ಬರೆಸಬೇಕು ಅನ್ನೋದೇ ದೊಡ್ಡ ಚರ್ಚೆಯಾಯ್ತು. ಯಾಕಂದ್ರೆ ಇದರಲ್ಲಿ ಜನರ ದುಡ್ಡಿತ್ತು. ತಲೆಗೆ 200 ರೂಪಾಯಿ.

ಬರೆಸೋಕೆ ಎರಡು ದಾರಿ. ಸಿಂಕ್ರೊನಸ್ ಲಾಗಿಂಗ್‌ನಲ್ಲಿ ಕೆಲಸ ಮಾಡುವ ಥ್ರೆಡ್ಡೇ ಸಾಲನ್ನು ಫೈಲಿಗೆ ಬರೆದು ಮುಗಿಸಿ ಮುಂದಕ್ಕೆ ಹೋಗುತ್ತೆ. ಡಿಸ್ಕ್ ನಿಧಾನವಾದರೆ ಬಳಸುವವರೂ ಕಾಯಬೇಕು. ಅಸಿಂಕ್ರೊನಸ್‌ನಲ್ಲಿ ಥ್ರೆಡ್ ಆ ಸಾಲನ್ನು ಮೆಮೊರಿಯಲ್ಲಿರುವ ಸರದಿಗೆ ಸೇರಿಸಿ ತನ್ನ ಪಾಡಿಗೆ ಹೊರಟುಬಿಡುತ್ತೆ. ಹಿಂದೆ ಇನ್ನೊಂದು ಥ್ರೆಡ್ ಒಂದೊಂದಾಗಿ ತೆಗೆದು ಫೈಲಿಗೆ ಬರೆಯುತ್ತೆ.

ನಾವು ಬಳಸಿದ್ದು ಲಾಗ್‌ಫೋರ್‌ಜೆ 2. ಅದರ ಅಸಿಂಕ್ ಲಾಗರ್‌ಗಳು ನಿಂತಿರೋದು ಡಿಸ್ರಪ್ಟರ್ ಅನ್ನೋ ಲೈಬ್ರರಿ ಮೇಲೆ; ಲಂಡನ್ನಿನ ಎಲ್‌ಮ್ಯಾಕ್ಸ್ ಅನ್ನೋ ಟ್ರೇಡಿಂಗ್ ಕಂಪನಿ ಮಾಡಿದ್ದು. ಸರದಿ ಒಂದು ರಿಂಗ್ ಬಫರ್. ನಾವೇನೂ ಹೇಳದಿದ್ದರೆ ಸಾಮಾನ್ಯ ಮೋಡ್‌ನಲ್ಲಿ 2,62,144 ಜಾಗ, ಗಾರ್ಬೇಜ್-ಫ್ರೀ ಮೋಡ್‌ನಲ್ಲಿ 4,096. ಒಮ್ಮೆ ಮಾಡಿದ ಮೇಲೆ ಅದು ದೊಡ್ಡದಾಗಲ್ಲ. ತುಂಬಿದರೆ ಥ್ರೆಡ್ ಜಾಗ ಸಿಗೋವರೆಗೂ ಕಾಯುತ್ತೆ. ಡಿಸ್ಕಾರ್ಡ್ ಪಾಲಿಸಿ ಹಾಕಿದ್ದರೆ ಇನ್ಫೋ, ಡೀಬಗ್, ಟ್ರೇಸ್ ಸಾಲುಗಳನ್ನು ಎಸೆದುಬಿಡುತ್ತೆ.

ಎಲ್ಲವನ್ನೂ ಅಸಿಂಕ್ ಮಾಡೋಣ, ವೇಗ ಸಿಗುತ್ತೆ ಅಂತ ನಮ್ಮಲ್ಲಿ ಇಬ್ಬರು. ಬೇಡ ಅಂತ ಇನ್ನಿಬ್ಬರು. ವಾದ ಮುಗಿಯಲಿಲ್ಲ, ಮಾಡಿಯೇ ನೋಡಿದೆವು. ಪ್ರತಿ ಸಾಲಿಗೂ ಸಂಖ್ಯೆ ಕೊಟ್ಟು, ಎಣಿಕೆಯನ್ನು ಪರದೆ ಮೇಲೂ ತೋರಿಸುತ್ತಾ, ನಡುವೆ ಕಿಲ್ ಮೈನಸ್ 9 ಕೊಟ್ಟು ಆಪನ್ನು ನಿಲ್ಲಿಸಿದೆವು. ಸಿಂಕ್ ಫೈಲಿನಲ್ಲಿ ಪರದೆಯ ಕೊನೆಯ ಸಂಖ್ಯೆವರೆಗೂ ಎಲ್ಲ ಇತ್ತು. ಅಸಿಂಕ್ ಫೈಲು ಅದಕ್ಕಿಂತ ಹಿಂದೆಯೇ ನಿಂತಿತ್ತು. ಸರದಿಯಲ್ಲಿದ್ದ ಸಾಲುಗಳು ಮೆಮೊರಿ ಜೊತೆಗೇ ಹೋಗಿದ್ದವು.

ಹಾಸ್ಟೆಲ್ ಎದುರಿನ ಅಂಗಡಿಯವರು ಈ ಲೆಕ್ಕವನ್ನು ನಮಗಿಂತ ಚೆನ್ನಾಗಿ ಬಲ್ಲರು. ಎಷ್ಟು ಬಿಸ್ಕೆಟ್ ಪೊಟ್ಟಣ ಖರ್ಚಾಯ್ತು ಅಂತ ಅವರು ರಾತ್ರಿ ಬಾಗಿಲು ಹಾಕೋ ಹೊತ್ತಿಗೆ ಬರೀತಾರೆ. ಉದ್ರಿ ಮಾತ್ರ ಹಾಗಲ್ಲ. ನಾವು ಮೆಟ್ಟಿಲು ಇಳಿಯೋ ಮೊದಲೇ ಅದು ಪುಸ್ತಕ ಸೇರಿರುತ್ತೆ, ಹಿಂದೆ ಎಷ್ಟೇ ಜನ ನಿಂತಿರಲಿ.

ನಮ್ಮ ಕಾನ್ಫಿಗರೇಷನ್ ಕೂಡ ಹಾಗೇ ಆಯ್ತು. ಲಾಗ್‌ಫೋರ್‌ಜೆಯಲ್ಲಿ ಎರಡನ್ನೂ ಬೆರೆಸಬಹುದು. ಮೂಲ ಲಾಗರ್ ಅಸಿಂಕ್ ರೂಟ್. ಯಾವ ಪುಟ ತೆರೆದರು, ಯಾವ ಕ್ವೆರಿ ಓಡಿತು, ಎಲ್ಲ ಅದಕ್ಕೆ. ಪೇಮೆಂಟ್‌ಗೆ ಮಾತ್ರ ಪ್ರತ್ಯೇಕ ಸಿಂಕ್ ಲಾಗರ್, ಪ್ರತ್ಯೇಕ ಫೈಲು. ಅದರ ಅಡಿಟಿವಿಟಿ ಫಾಲ್ಸ್, ಇಲ್ಲದಿದ್ದರೆ ಅದೇ ಸಾಲು ರೂಟ್‌ನ ಫೈಲಿಗೂ ಹೋಗುತ್ತೆ. ಇಗ್ನೋರ್ ಎಕ್ಸೆಪ್ಷನ್ಸ್ ಕೂಡ ಫಾಲ್ಸ್. ಡಿಸ್ಕ್ ತುಂಬಿ ಬರೆಯೋಕಾಗದಿದ್ದರೆ ಆಪ್‌ಗೆ ಅದು ಆಗಲೇ ಗೊತ್ತಾಗಬೇಕು. ಹೀಗಿದ್ದರೂ ಕರೆಂಟೇ ಹೋದರೆ ಆಪರೇಟಿಂಗ್ ಸಿಸ್ಟಮ್ ಕೈಯಲ್ಲಿದ್ದು ಡಿಸ್ಕ್ ತಲುಪದ ಸಾಲುಗಳು ಹೋಗಬಹುದು. ಆಪ್ ಸತ್ತರೆ ಮಾತ್ರ ಹೋಗಲ್ಲ.

ಡೇಟಾಬೇಸ್ ಇದೆಯಲ್ಲ, ಲಾಗ್ ಯಾಕೆ ಅಂತ ಕೇಳಬಹುದು. ಡೇಟಾಬೇಸ್‌ನಲ್ಲಿರೋದು ಪೂರ್ತಿಯಾದ ನೋಂದಣಿ. ದುಡ್ಡು ಬಂದಿದೆ ಅಂತ ಸುದ್ದಿ ಬಂದ ಮೇಲೆ, ನೋಂದಣಿ ಆಗೋ ಮೊದಲು ಏನಾಯ್ತು ಅನ್ನೋದು ಲಾಗ್‌ನಲ್ಲಿ ಮಾತ್ರ.

ನೋಂದಣಿಯ ಕೊನೆಯ ಸಂಜೆ, ಹಲವು ಕ್ಲಬ್‌ಗಳ ಸೈಟ್‌ಗಳಿದ್ದ ಆ ಸರ್ವರ್‌ನಲ್ಲಿ ಮೆಮೊರಿ ಸಾಲದೆ ಲಿನಕ್ಸೇ ನಮ್ಮ ಆಪನ್ನು ಕೊಂದುಹಾಕಿತು. ಅದು ಕಳಿಸೋದೂ ಅದೇ 9ನೇ ಸಿಗ್ನಲ್. ಅರ್ಧ ಗಂಟೆಯಲ್ಲಿ ಫಸ್ಟ್ ಇಯರ್ ಹುಡುಗಿಯೊಬ್ಬಳು ಮೊಬೈಲ್ ಹಿಡಿದು ಬಂದಳು. "ಅಣ್ಣಾ, ದುಡ್ಡು ಕಟ್ ಆಗಿದೆ, ಟಿಕೆಟ್ ಬಂದಿಲ್ಲ." ಡೇಟಾಬೇಸ್‌ನಲ್ಲಿ ಅವಳ ಹೆಸರಿರಲಿಲ್ಲ. ಅಸಿಂಕ್ ಫೈಲಿನಲ್ಲೂ ಏನೂ ಇಲ್ಲ. ಪೇಮೆಂಟ್ ಫೈಲಿನ ಕೊನೆಯಿಂದ ಎರಡನೇ ಸಾಲಿನಲ್ಲಿ ಅವಳ ಮೊಬೈಲ್‌ನಲ್ಲಿದ್ದ ವಹಿವಾಟು ಸಂಖ್ಯೆಯೇ ಇತ್ತು. ಅಲ್ಲೇ ಕೈಯಲ್ಲಿ ಟಿಕೆಟ್ ಬರೆದುಕೊಟ್ಟೆವು.